ಕೌದಿ ತಿರುಗಿ ಬಂತು



ನಮ್ಮ ಸಂಘದವರು ಕೌದಿ ಹೊಲಿತೀವಿ. ಫೋನಿನಲ್ಲಿ ಆರ್ಡರ್ ಬರುತ್ತದೆ. ಅಂಚೆಯಲ್ಲಿ ಪಾರ್ಸಲ್ ಕಳಿಸ್ತೀವಿ.

ಒಂದು ಸಲ ಮೈಸೂರಿಗೆ ಕಳಿಸಿದ ಕೌದಿ ತಿರುಗಿ ಬಂತು. ಅಂಚೆ ಖರ್ಚು ದಂಡವಾಯಿತು. ತಿಂಗಳ ದುಡಿಮೆ ಗಂಟಿನಲ್ಲೇ ಕೂತಿತು. "ಈ ವ್ಯಾಪಾರವೇ ಬೇಡ" ಅಂದ್ರು ಕೆಲವರು.

ನಮ್ಮಲ್ಲಿ ಹೊಸದಾಗಿ ಓದು ಕಲಿತ ಅಕ್ಕ ಒಬ್ಬರು ಪಾರ್ಸಲ್ ತಿರುಗಿಸಿ ನೋಡಿದರು. ಪಿನ್ ಕೋಡ್ ಒಂದೊಂದೇ ಅಂಕಿ ಓದಿದರು. ಮೈಸೂರಿನದು 570001. ನಾವು ಬರೆದದ್ದು 507001. ಅದು ತೆಲಂಗಾಣದ ಖಮ್ಮಂ ಊರಿನದು! ಎರಡು ಅಂಕಿ ಅದಲು ಬದಲು. ಕೌದಿ ಬೇರೆ ರಾಜ್ಯಕ್ಕೇ ಹೋಗಿತ್ತು.

ಕೊಂಡವರಿಗೆ ಫೋನ್ ಮಾಡಿದೆವು. ತಪ್ಪು ನಮ್ಮದೇ ಅಂತ ಒಪ್ಪಿಕೊಂಡೆವು. ಸರಿಯಾಗಿ ಬರೆದು ಮತ್ತೆ ಕಳಿಸಿದೆವು. ಕೌದಿ ಮುಟ್ಟಿತು. ಹಣವೂ ಬಂತು.

ಈಗ ನಾವು ಏನು ಮಾಡ್ತೀವಿ? ಒಬ್ಬರು ವಿಳಾಸ ಬರೀತಾರೆ. ಇನ್ನೊಬ್ಬರು ಗಟ್ಟಿಯಾಗಿ ಓದ್ತಾರೆ. ಪಿನ್ ಕೋಡಿನ 6 ಅಂಕಿಯನ್ನೂ ತಾಳೆ ನೋಡ್ತೀವಿ. ಕೊಂಡವರ ಫೋನ್ ನಂಬರ್ ಬರೀತೀವಿ. ರಸೀದಿ ಜೋಪಾನ ಮಾಡ್ತೀವಿ. ಅದರ ನಂಬರಿನಿಂದ ಪಾರ್ಸಲ್ ಎಲ್ಲಿದೆ ಅಂತ ತಿಳಿಯುತ್ತದೆ. ತಿರುಗಿ ಬಂದರೆ, ಯಾಕೆ ಬಂತು ಅಂತ ಮೊದಲು ಓದ್ತೀವಿ. ಆಮೇಲೆ ಮಾತು.

ಅಕ್ಕಂದಿರೇ, ಕಲಿತ ಅಕ್ಷರ, ಅಂಕಿ ಬಿಡಬೇಡಿ. ನಮ್ಮ ದುಡಿಮೆಯನ್ನು ಕಾಯುವುದು ಅವೇ.