ಹೊಸ ಚಿತ್ರಕಥೆ ಬಂದಾಗ

ಹೊಸ ಚಿತ್ರಕಥಾ ಮಾಲೆಯೊಂದು ಹೊರಟಿತೆಂದರೆ ಅದರ ವಿಮರ್ಶೆ ಮೊದಲು ನಡೆಯುವುದು ಶಾಲೆಯ ಜಗಲಿಯ ಮೇಲೆ. ಮುಖಪುಟ ಹೇಗಿದೆ, ಕಥೆ ಅರ್ಧಕ್ಕೆ ನಿಂತಿತೇಕೆ, ಮುಂದಿನದು ಎಂದು? ಮಕ್ಕಳಿಗೆ ದಾಕ್ಷಿಣ್ಯವೆಂಬುದಿಲ್ಲ.

1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಟು ಮುಖವಾಡದ ಫ್ಯಾಂಟಮ್‌ನನ್ನು ನಮ್ಮ ಹುಡುಗರಿಗೆ ಪರಿಚಯಿಸಿತು. 1990ರಲ್ಲಿ ನಿಂತೂ ಹೋಯಿತು. ಅಮರ ಚಿತ್ರಕಥೆಯದು ಬೇರೆಯೇ ಸ್ವಾರಸ್ಯ. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಇಂಡಿಯಾ ಬುಕ್ ಹೌಸ್ ಅದನ್ನು ಮೊದಲು ಹೊರತಂದದ್ದು ಕನ್ನಡದಲ್ಲಿ! ಆ ಹತ್ತು ಪುಸ್ತಕಗಳಲ್ಲಿದ್ದವರಾದರೋ ಸಿಂಡ್ರೆಲಾ ಮೊದಲಾದ ಪರದೇಶದವರು. ಆಮೇಲೆ ಕಾರ್ಕಳದ ಅನಂತ ಪೈಗಳ ‘ಕೃಷ್ಣ’ ಇಂಗ್ಲಿಷಿನಲ್ಲಿ ಬಂದಾಗ ಅದಕ್ಕೆ ದೊರೆತ ಸಂಖ್ಯೆ 11. ಮೊದಲ ಹತ್ತು ಅಂಕಿ ಕನ್ನಡದ ಪಾಲಿಗೇ ಉಳಿದವು. ಈ ಹೆಮ್ಮೆಯನ್ನು ನಾವೇಕೋ ಹೇಳಿಕೊಳ್ಳುವುದಿಲ್ಲ.

ಫ್ಯಾಂಟಮ್ ದೊಡ್ಡವನೋ, ಭೀಮ ದೊಡ್ಡವನೋ ಎಂದು ಹುಡುಗರು ಜಗಳವಾಡಿದರೆ ಹಿರಿಯರು ಗದರಿಸುವುದುಂಟು. ಗದರಿಸಬೇಡಿ. ಆ ಜಗಳ ಕನ್ನಡದಲ್ಲಿ ನಡೆಯಬೇಕಾದರೆ ಓದುವುದಕ್ಕೆ ಕನ್ನಡದ ಪುಸ್ತಕ ಕೈಯಲ್ಲಿರಬೇಕಲ್ಲವೆ? ಕೃಷ್ಣರಾಜಪೇಟೆಯ ಕಡೆಯವರು ಹೇಮಗಿರಿ ಜಾತ್ರೆಗೆ ಹೋದಾಗ ಮಗುವಿಗೆ ಬೆಂಡು ಬತ್ತಾಸು ಕೊಡಿಸುತ್ತಾರೆ; ಪೇಟೆಯಲ್ಲಿ ಒಂದು ಕನ್ನಡ ಚಿತ್ರಕಥೆಯನ್ನೂ ಕೊಡಿಸಲಿ. ಯಾವುದು ಬೇಕೆಂದು ಮಗುವೇ ಆರಿಸಲಿ. ಓದಿ ಚೆನ್ನಾಗಿಲ್ಲವೆಂದರೆ ಅದನ್ನೂ ಕೇಳಿಸಿಕೊಳ್ಳೋಣ.