ಪಾಳುಗೋಡೆಯಲ್ಲಿ ಉಳಿದ ಊರಿನ ಲೆಕ್ಕ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿರುವ ಸಂಘ ಇದು. ಆದ್ದರಿಂದ ಗೋಡೆಯಲ್ಲೇ ತನ್ನ ಲೆಕ್ಕ ಉಳಿಸಿಹೋದ ಒಂದು ಊರಿನ ವಿಷಯ ಹೇಳೋಣ ಅಂತ ಬಂದಿದ್ದೇವೆ. ಅದು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ವಾರಂ ಪರ್ಸಿ. ದೂರದ್ದಾದರೂ ರೈತರ ಊರು.

ಈಗ ಅಲ್ಲಿ ಒಕ್ಕಲಿಲ್ಲ. ಹುಲ್ಲುಗಾವಲಿನಲ್ಲಿ ಹಳೇ ಮನೆಗಳ ಪಾಯದ ದಿಬ್ಬಗಳು, ತಗ್ಗಿನಲ್ಲಿ ಚಾವಣಿಯಿಲ್ಲದ ಸಂತ ಮಾರ್ಟಿನ್ ಚರ್ಚು. 1349ರ ಸುಮಾರಿಗೆ ಪ್ಲೇಗು ಬಂತು ನಿಜ, ಆದರೆ ಊರು ಹಾಳಾದದ್ದು ಅದರಿಂದಲೇ ಅಲ್ಲ. ಉಳುಮೆಗಿಂತ ಕುರಿಯೇ ಲಾಭ ಅಂತ ಭೂಮಾಲೀಕರು 1500ರ ಆಸುಪಾಸಿನಲ್ಲಿ ಕೊನೆಯ ಒಕ್ಕಲುಗಳನ್ನೂ ಎಬ್ಬಿಸಿದರು.

ಇದೆಲ್ಲ ತಿಳಿಯಲು ದೊಡ್ಡ ನೆರವಾದದ್ದು ಅಲ್ಲಿನ ಉತ್ಖನನ. 1950ರಿಂದ 1990ರವರೆಗೆ, ನಲವತ್ತು ವರ್ಷ, ಬೇಸಿಗೆ ಬಂತೆಂದರೆ ಅಲ್ಲಿ ಅಗೆತ. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಎಂಬಿಬ್ಬರು ಮುಂದೆ ನಿಂತು ನಡೆಸಿದರು. ಚರ್ಚಿನ ಗೋಡೆಯನ್ನೇ ನೋಡಿ. ಊರು ಬೆಳೆಯುತ್ತಿದ್ದ 12, 13ನೇ ಶತಮಾನಗಳಲ್ಲಿ ಎರಡೂ ಪಕ್ಕಕ್ಕೆ ಪಡಸಾಲೆ ಸೇರಿಸಿದರು. ಮುಂದೆ ಜನ ಕಮ್ಮಿಯಾದ ಮೇಲೆ ಪಡಸಾಲೆ ಕೆಡವಿ, ಕಮಾನುಗಳಿಗೆ ಕಲ್ಲು ತುಂಬಿ ಮುಚ್ಚಿಬಿಟ್ಟರು. ಆ ಮುಚ್ಚಿದ ಕಮಾನುಗಳು ಇವತ್ತಿಗೂ ಕಾಣುತ್ತವೆ. ಚರ್ಚಿನಲ್ಲೂ ಅದರ ಅಂಗಳದಲ್ಲೂ ಸುಮಾರು 700 ಜನರ ಅಸ್ಥಿ ಸಿಕ್ಕಿತು. ಅವನ್ನು ಪರೀಕ್ಷಿಸಿ, ಆ ಊರಿನ ತಾಯಂದಿರು ಮಕ್ಕಳಿಗೆ ಹೆಚ್ಚುಕಮ್ಮಿ ಒಂದೂವರೆ ವರ್ಷ ಎದೆಹಾಲು ಕುಡಿಸುತ್ತಿದ್ದರು ಅನ್ನೋದನ್ನೂ ಕಂಡುಕೊಂಡಿದ್ದಾರೆ. ರಾಜರ ಚರಿತ್ರೆಯಲ್ಲಿ ಇಂಥ ಸಂಗತಿ ಸಿಕ್ಕೀತೇ?

ಊರು ಹೋದ ಮೇಲೂ ಅಕ್ಕಪಕ್ಕದ ಹಳ್ಳಿಯವರು ಪ್ರಾರ್ಥನೆಗೆ ಬರುತ್ತಿದ್ದರು. 1949ಕ್ಕೆ ಅದೂ ನಿಂತಿತು. 1959ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು. ಈಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯವರು ನೋಡಿಕೊಳ್ಳುತ್ತಾರೆ. ಚರ್ಚಿಗೆ ಹೊಸ ಚಾವಣಿ ಹಾಕಿಲ್ಲ, ಬಿದ್ದ ಗೋಪುರವನ್ನು ಪೂರಾ ಎಬ್ಬಿಸಿಲ್ಲ. ಉಳಿದದ್ದು ಬೀಳದ ಹಾಗೆ ಕಾಯ್ದಿದ್ದಾರೆ, ಅಷ್ಟೇ.

"ಅರ್ಧ ಗೋಪುರ ಇಟ್ಕೊಂಡು ಏನು ಮಾಡ್ತಾರೆ ಸ್ವಾಮಿ?" ಅಂತ ನೀವು ಕೇಳಬಹುದು. ಪೂಜೆ ನಡೆಯುವ ಗುಡಿಯ ಮಾತು ಬೇರೆ, ಅದಕ್ಕೆ ಜೀರ್ಣೋದ್ಧಾರ ಬೇಕೇ ಬೇಕು. ಇಲ್ಲಿ ಹಾಗಲ್ಲ. ಗೋಡೆಗೆಲ್ಲ ಗಾರೆ ಮೆತ್ತಿ ಸುಣ್ಣ ಬಳಿದಿದ್ದರೆ ಆ ಕಮಾನುಗಳು ಕಣ್ಣಿಗೆ ಬೀಳುತ್ತಿರಲಿಲ್ಲ. ಹಳೇ ಲೆಡ್ಜರಿನ ಅಂಕಿ ಅಳಿಸಿ ಹೊಸ ಅಂಕಿ ಬರೆದರೆ ಆಡಿಟರು ಸುಮ್ಮನಿರ್ತಾರಾ?

ಅಲ್ಲಿಗೆ ಟಿಕೆಟ್ಟಿಲ್ಲ. ಕಾರು ನಿಲ್ಲಿಸಿ ಮುಕ್ಕಾಲು ಮೈಲಿಯಷ್ಟು ನಡೆದೇ ಹೋಗಬೇಕು.