ಮೊದಲು ಓದು, ಆಮೇಲೆ ಬರಹ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳನ್ನು ಬಲ್ಲ ಸೀಮೆ ನಮ್ಮದು. ಲೇತ್‌ನಲ್ಲಿ ಏನು ತಿರುಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನನ್ನ ಕಸುಬಿನಲ್ಲಿ ಏನೂ ಕಾಣುವುದಿಲ್ಲ. ನಾನು ಡ್ರೈವರ್ ಬರೆಯುವವನು. ಬಸ್ಸಿನ ಡ್ರೈವರ್ ಅಲ್ಲ. ಕಂಪ್ಯೂಟರಿನೊಳಗೆ ಬಿಸಿ, ವೋಲ್ಟೇಜು, ಫ್ಯಾನಿನ ವೇಗ ಅಳೆಯುವ ಸಣ್ಣ ಸೆನ್ಸರ್ ಚಿಪ್ಪುಗಳಿರುತ್ತವೆ. ಅವುಗಳೊಡನೆ ಮಾತಾಡುವ ತಂತ್ರಾಂಶವೇ ಈ ಡ್ರೈವರ್.

ಇಂಥ ಅನೇಕ ಚಿಪ್ಪುಗಳು ಎರಡೇ ತಂತಿಯ ಒಂದು ಬೀದಿಯಲ್ಲಿ ವಾಸವಾಗಿರುತ್ತವೆ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಈ ಏರ್ಪಾಟಿನ ಹೆಸರು ಐ-ಸ್ಕ್ವೇರ್-ಸಿ. ಬೀದಿಯಲ್ಲಿ ಸಾಮಾನ್ಯವಾಗಿ ಮನೆ ನಂಬರು 128 ಮಾತ್ರ. ಚಿಪ್ಪಿನ ಬಗೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಒಂದೇ ನಂಬರು ಹಲವರಿಗೆ. 104ನೇ ನಂಬರಿನಲ್ಲಿ ಡಿಎಸ್3231 ಎಂಬ ಗಡಿಯಾರವಿರಬಹುದು, ಎಂಪಿಯು-6050 ಎಂಬ ಚಲನೆಯ ಸೆನ್ಸರ್ ಇರಬಹುದು. ಯಾರೆಂದು ತಿಳಿಯದೆ ಏನಾದರೂ ಬರೆದರೆ ಅನಾಹುತ.

ಅಂಥದ್ದು ನಡೆದೂ ಇದೆ. 2000ನೇ ಇಸವಿಯ ಆಸುಪಾಸಿನಲ್ಲಿ ಲಿನಕ್ಸ್‌ನ ಸೆನ್ಸರ್ ಹುಡುಕುವ ತಂತ್ರಾಂಶ ಕೆಲವು ಐಬಿಎಂ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳಲ್ಲಿ "ಯಾರಿದ್ದೀರಿ?" ಎಂದು ಬಾಗಿಲು ತಟ್ಟಿತು. ಅಲ್ಲಿದ್ದ ನೆನಪಿನ ಚಿಪ್ಪು ಅದನ್ನು ತಪ್ಪಾಗಿ ಗ್ರಹಿಸಿ ತನ್ನೊಳಗಿನ ಮಾಹಿತಿಯನ್ನೇ ಕೆಡಿಸಿಕೊಂಡಿತು. ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಆಮೇಲೆ, ಐಬಿಎಂ ಯಂತ್ರವೆಂದು ಗೊತ್ತಾದರೆ ಬಾಗಿಲು ತಟ್ಟದೆ ಹಿಂದೆ ಸರಿಯುವಂತೆ ತಂತ್ರಾಂಶವನ್ನು ತಿದ್ದಿದರು.

ಇದರಿಂದ ಕಲಿಯಬೇಕಾದ್ದು ಇಷ್ಟು. ಯಾವ ಚಿಪ್ಪು ಎಲ್ಲಿದೆಯೆಂದು ಯಂತ್ರ ತಯಾರಿಸಿದವರೇ ತಿಳಿಸಿದ್ದರೆ ಹುಡುಕಲೇಬೇಡಿ. ಹುಡುಕಲೇಬೇಕಾದರೆ ಮೊದಲು ಓದಿ. ಗುರುತು ಖಚಿತವಾಗುವ ತನಕ ಬರೆಯಬೇಡಿ. ಓದುವುದರಲ್ಲೂ ಎಚ್ಚರವಿರಲಿ, ಓದಿದ ಕೂಡಲೇ ಎಚ್ಚರಿಕೆಯ ಗುರುತನ್ನು ಅಳಿಸಿಬಿಡುವ ಚಿಪ್ಪುಗಳೂ ಇವೆ. ಒಂದೇ ಗುರುತನ್ನು ನಂಬಬೇಡಿ. ನಮ್ಮ ಹರಿಹರೇಶ್ವರನ ಎಡಭಾಗ ಮಾತ್ರ ನೋಡಿದವನು ವಿಷ್ಣು ಎಂದಾನು, ಬಲಭಾಗ ಮಾತ್ರ ನೋಡಿದವನು ಶಿವ ಎಂದಾನು. ತಯಾರಕರ ಗುರುತು, ಚಿಪ್ಪಿನ ಗುರುತು, ಖಾಲಿ ಇರಬೇಕಾದ ಜಾಗ, ಎಲ್ಲವೂ ತಾಳೆಯಾಗಬೇಕು. ಅನುಮಾನ ಉಳಿದರೆ "ಗೊತ್ತಿಲ್ಲ" ಎಂದು ಬಿಟ್ಟುಬಿಡಿ. ಫ್ಯಾನು ತಿರುಗದಿದ್ದರೆ ಬಳಕೆದಾರ ವಿಚಾರಿಸುತ್ತಾನೆ. ಸುಳ್ಳು ಅಳತೆ ಕೊಟ್ಟರೆ ಅದನ್ನೇ ನಂಬಿ ಕೂರುತ್ತಾನೆ.

ಮಕ್ಕಳೇ, ನಮ್ಮ ಹಿರಿಯರು "ಬರಹ ಓದು" ಅನ್ನಲಿಲ್ಲ, "ಓದು ಬರಹ" ಅಂದರು. ಆ ಕ್ರಮವನ್ನು ಕಲಿಸಿದ್ದು ಇದೇ ಶಾಲೆ. ಇವತ್ತಿಗೂ ನನ್ನ ಅನ್ನ ಅದರಿಂದಲೇ.